ಬಣ್ಣವೂ ಬಾಳಲಿ, ಬಣ್ಣ ಹೊಡೆಯುವವರೂ ಬಾಳಲಿ

(ಸ್ಪ್ರೇ ಪೇಂಟಿಂಗ್ ತರಬೇತಿಯ ಸಮಾರೋಪದಲ್ಲಿ ನೀಡಿದ ಭಾಷಣ)



ಅಡುಗೆಮನೆಯ ಕಪಾಟಿಗೆ ಸ್ಪ್ರೇ ಹೊಡೆಯುವ ಕೆಲಸವನ್ನು ನೀವು ಕಲಿತಿದ್ದೀರಿ. ಹೊಸ ಕಪಾಟು ಮಾಡಿಸುವುದು ದುಬಾರಿ. ಹಲಗೆ ಗಟ್ಟಿ ಇದ್ದರೆ ಹಳೆಯದಕ್ಕೇ ಚೆನ್ನಾಗಿ ಬಣ್ಣ ಹೊಡೆಸುವುದು ಲಾಭ ಅಂತ ಮನೆಯವರಿಗೂ ಗೊತ್ತು. ಆದ್ದರಿಂದ ನಿಮಗೆ ಕೆಲಸ ಸಿಗುತ್ತದೆ. ಇಂದು ನಾವು ಹೇಳುವುದು ಇಷ್ಟೇ: ಹೊಡೆದ ಬಣ್ಣ ಬಾಳಬೇಕು, ಹೊಡೆದವರೂ ಬಾಳಬೇಕು. ಎರಡಕ್ಕೂ ಬೇಕಾದದ್ದು ಅವಸರವಿಲ್ಲದ ತಯಾರಿ.

ಅಡುಗೆಮನೆ ಬೇರೆ ಕೋಣೆಗಳ ಹಾಗಲ್ಲ. ಒಗ್ಗರಣೆಯ ಹೊಗೆ, ಮೀನು ಕಾಯಿಸಿದ ಎಣ್ಣೆ, ಗಂಜಿಯ ಹಬೆ ಎಲ್ಲ ಸೇರಿ ಕಪಾಟಿನ ಮೇಲೆ ಜಿಡ್ಡಿನ ಪೊರೆ ಕೂತಿರುತ್ತದೆ. ಜಿಡ್ಡಿನ ಮೇಲೆ ಎಷ್ಟು ಬೆಲೆಯ ಬಣ್ಣ ಹೊಡೆದರೂ ನಿಲ್ಲುವುದಿಲ್ಲ. ಹಿಡಿಯ ಸುತ್ತ ಮೊದಲು ಸಿಪ್ಪೆ ಏಳ್ತದೆ. ಹಾಗಾಗಿ ಬಾಗಿಲು, ಡ್ರಾಯರ್ ಬಿಚ್ಚಿ, ಅದಲು ಬದಲಾಗದ ಹಾಗೆ ನಂಬರು ಹಾಕಿ. ಬಿಜಾಗರಿ, ಹಿಡಿ ತೆಗೆದಿಡಿ. ಬಿಸಿ ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಜ್ಜಿ, ಬರೀ ನೀರಿನ ಬಟ್ಟೆಯಿಂದ ಒರೆಸಿ, ಪೂರಾ ಒಣಗಿಸಿ. ಆಮೇಲೆಯೇ ಉಪ್ಪು ಕಾಗದ. ಜಿಡ್ಡು ತೆಗೆಯದೆ ಉಜ್ಜಿದರೆ ಅದು ಗೀರುಗಳ ಒಳಗೇ ಸೇರಿಕೊಳ್ಳುತ್ತದೆ.

ಹಳೆಯ ಬಣ್ಣಕ್ಕೂ ಸನ್‌ಮೈಕಾಕ್ಕೂ 220 ನಂಬರಿನ ಕಾಗದ ಸಾಕು. ಹೊಳಪು ಹೋಗಿ ಮಂಕಾದರೆ ಆಯಿತು, ಅಡಿಯ ಹಲಗೆ ಕಾಣುವವರೆಗೆ ಕೆರೆಯಬೇಕಾಗಿಲ್ಲ. ಸನ್‌ಮೈಕಾ ನುಣುಪು, ಅದಕ್ಕೆ ಹಿಡಿಯುವ ಪ್ರೈಮರನ್ನೇ ಅಂಗಡಿಯಲ್ಲಿ ಕೇಳಿ ತನ್ನಿ. ಎಂ.ಡಿ.ಎಫ್. ಹಲಗೆಯ ಅಂಚು ಬಣ್ಣವನ್ನು ಕುಡಿದುಬಿಡುತ್ತದೆ, ಅದಕ್ಕೆ ಮೊದಲು ಸೀಲರ್ ಕೊಡಬೇಕು. ಪ್ರೈಮರ್ ಒಣಗಿದ ಮೇಲೆ 320 ನಂಬರಿನಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ.

ಬಣ್ಣವನ್ನು ಸೋಸದೆ ಗನ್ನಿಗೆ ಹಾಕಬೇಡಿ. ಗನ್ನು ಹಲಗೆಯಿಂದ 6ರಿಂದ 8 ಇಂಚು ದೂರದಲ್ಲಿ ನೇರವಾಗಿ ಇರಲಿ. ಮಣಿಕಟ್ಟು ತಿರುಗಿಸಬಾರದು, ಇಡೀ ತೋಳು ಸಾಗಬೇಕು. ಕೈ ಚಲಿಸಲು ಶುರುವಾದ ಮೇಲೆ ಟ್ರಿಗರ್ ಒತ್ತಿ, ಅಂಚು ದಾಟಿದ ಮೇಲೆ ಬಿಡಿ. ಹಿಂದಿನ ಸಾಲಿನ ಅರ್ಧದಷ್ಟರ ಮೇಲೆ ಮುಂದಿನ ಸಾಲು ಬರಲಿ. ಹತ್ತಿರ ಹಿಡಿದರೆ ಬಣ್ಣ ಸೋರಿ ಇಳಿಯುತ್ತದೆ. ದೂರ ಹಿಡಿದರೆ ಗಾಳಿಯಲ್ಲೇ ಅರ್ಧ ಒಣಗಿ, ಹಿಟ್ಟು ಉದುರಿದ ಹಾಗೆ ಒರಟಾಗುತ್ತದೆ. ಬಣ್ಣ ತೀರಾ ಮಂದವಾಗಿದ್ದರೆ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ದಪ್ಪ ಒಂದು ಪದರಕ್ಕಿಂತ ತೆಳು ಎರಡು ಮೂರು ಪದರ ಲೇಸು.

ನಮ್ಮ ಕರಾವಳಿಯ ಮಳೆಗಾಲವನ್ನೂ ನೆನಪಿಡಿ. ಎನ್.ಸಿ. ಲ್ಯಾಕರಿನ ಥಿನ್ನರ್ ಬೇಗ ಆರುವಾಗ ಹಲಗೆಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ. ಮಂಜು ಮುಸುಕಿದ ಹಾಗೆ ಬಿಳಿಚಿಕೊಳ್ಳುವುದು ಇದರಿಂದಲೇ. ಒಣ ಹವೆಗೆ ಕಾಯಿರಿ. ಇನ್ನೊಂದು, ಮುಟ್ಟಿದಾಗ ಅಂಟುವುದಿಲ್ಲ ಅಂದ ಮಾತ್ರಕ್ಕೆ ಬಣ್ಣ ಗಟ್ಟಿಯಾಗಿದೆ ಅಂತಲ್ಲ. ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕಾಗಬಹುದು. ಅಲ್ಲಿವರೆಗೆ ಒದ್ದೆ ಬಟ್ಟೆಯಲ್ಲಿ ತಿಕ್ಕಬೇಡಿ ಅಂತ ಮನೆಯವರಿಗೆ ಹೇಳಿಯೇ ಬನ್ನಿ.

ಈಗ ಹೆಚ್ಚು ಗಂಭೀರವಾದ ಮಾತು. ಬ್ರಷ್ಷಿನ ಬಣ್ಣ ಹಲಗೆಗೆ ಹೋಗುತ್ತದೆ. ಗನ್ನಿನ ಬಣ್ಣದಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ, ನೀವು ಉಸಿರಾಡುವುದು ಅದೇ ಗಾಳಿ. ಬಾಳಿಕೆಗೆಂದು ಜನ ಕೇಳುವ ಎರಡು ಡಬ್ಬಿಯ ಪಿ.ಯು. ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಇದರಿಂದ ಅಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅದು ಆಗದೆ ಹೋದರೆ, ಮುಂದೆ ಚೂರು ಸೋಂಕಿದರೂ ಉಬ್ಬಸ ಏಳುತ್ತದೆ. ಆಗ ಕಲಿತ ಕಸುಬನ್ನೇ ಬಿಡಬೇಕಾಗುತ್ತದೆ. ವಾಸನೆ ಬಂದಾಗ ನೋಡಿಕೊಳ್ಳೋಣ ಅನ್ನಬೇಡಿ. ಮೂಗಿಗೆ ಗೊತ್ತಾಗುವಷ್ಟರಲ್ಲಿ ಅದು ಮಿತಿ ಮೀರಿರುತ್ತದೆ.

ಕರವಸ್ತ್ರ ಕಟ್ಟಿದರೆ, ಕೊರೊನಾ ಕಾಲದ ಮಾಸ್ಕ್ ಹಾಕಿದರೆ ಈ ಆವಿ ನಿಲ್ಲುವುದಿಲ್ಲ. ಥಿನ್ನರ್ ಬಣ್ಣಕ್ಕೆ, ಮುಖಕ್ಕೆ ಬಿಗಿಯಾಗಿ ಕೂರುವ, ಆವಿಯನ್ನೂ ಹನಿಯನ್ನೂ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು. ಗಡ್ಡವಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಪಿ.ಯು. ಬಣ್ಣಕ್ಕೆ, ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮಾಸ್ಕೇ ಸರಿ. ಅದಿಲ್ಲದ ಕಡೆ ಪಿ.ಯು. ಹೊಡೆಯಲು ಒಪ್ಪಬೇಡಿ. ಹಾರ್ಡನರ್ ಬೇಡದ, ಕಪಾಟಿಗೆಂದೇ ತಯಾರಾದ ನೀರಿನ ಬಣ್ಣವನ್ನು ಸೂಚಿಸಿ. ಅದಕ್ಕೂ ಮಾಸ್ಕ್ ಬೇಕೇ ಬೇಕು. ಥಿನ್ನರಿನಲ್ಲಿ ಕೈ ತೊಳೆಯುವ ಅಭ್ಯಾಸ ಬಿಟ್ಟು ಕೈಗವಸು ಹಾಕಿ.

ಥಿನ್ನರಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು, ದೂರದ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಿದರೆ ಬೆಂಕಿಯೇ. ಸ್ವಿಚ್ಚಿನ ಕಿಡಿಯೂ ಸಾಕು. ಆದ್ದರಿಂದ ಬಿಚ್ಚಿದ ಬಾಗಿಲುಗಳನ್ನು ಗಾಳಿಯಾಡುವ ಚಪ್ಪರದಡಿ ತಂದು ಹೊಡೆಯಿರಿ.

ಹಳೆಯ ಬಣ್ಣವನ್ನು ಉಜ್ಜುವಾಗ ಸೀಸದ ಭಯವೂ ಇದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಹೆಚ್ಚು ಸೀಸ ಇದ್ದಿರಬಹುದು. ಆ ಧೂಳು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ, ಗರ್ಭಿಣಿಯರಿಗೂ ಅಪಾಯ. ಅಂಥ ಬಣ್ಣವನ್ನು ನೀರು ಹಾಕಿ ಉಜ್ಜಿ, ಧೂಳು ಎಬ್ಬಿಸಬೇಡಿ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ. ಮಕ್ಕಳ ಬಟ್ಟೆಯ ಜೊತೆ ಅದನ್ನು ಒಗೆಯಬೇಡಿ.

ಇಷ್ಟೆಲ್ಲ ಮಾಡಿದರೆ ಖರ್ಚು ಹೆಚ್ಚಾಗುತ್ತದೆ ಸಿಸ್ಟರ್, ಕಡಿಮೆಗೆ ಮಾಡುವವರು ಇದ್ದಾರಲ್ಲ ಅಂತ ನೀವು ಕೇಳಬಹುದು. ನಿಜ, ಇದ್ದಾರೆ. ಆದರೆ ಕಾರ್ಟ್ರಿಜ್ಜಿನ ಖರ್ಚು ಬಣ್ಣದ ಖರ್ಚಿನ ಹಾಗೆಯೇ ಕೆಲಸದ ಖರ್ಚು. ಅದನ್ನು ಕೊಟೇಷನ್ನಿನಲ್ಲಿ ಬರೆಯಿರಿ. ತೊಳೆಯಲು, ಉಜ್ಜಲು, ಒಣಗಲು ಎಷ್ಟು ದಿನ ಬೇಕು ಅಂತಲೂ ಬರೆಯಿರಿ. ಒಬ್ಬೊಬ್ಬರೇ ಚೌಕಾಸಿಗೆ ಸಿಕ್ಕಿಬೀಳುವ ಬದಲು ಗುಂಪಾಗಿ ಒಂದು ದರ ನಿಲ್ಲಿಸಿ. ಕಟ್ಟಡಗಳಲ್ಲಿ ಬಣ್ಣದ ಕೆಲಸ ಮಾಡುವ, 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅದನ್ನು ಬಿಡಬೇಡಿ.

ಸೇದಿದ ಗಾಳಿಯ ಲೆಕ್ಕ ಇಂದು ಕಾಣುವುದಿಲ್ಲ, ವರ್ಷಗಳ ಮೇಲೆ ಮೆಟ್ಟಿಲು ಹತ್ತುವಾಗ ಕಾಣುತ್ತದೆ. ನಾಳೆ ಮೊದಲ ಕೆಲಸಕ್ಕೆ ಹೊರಡುವಾಗ ಚೀಲದಲ್ಲಿ ಗನ್ನಿಗಿಂತ ಮೊದಲು ಮಾಸ್ಕ್ ಇಟ್ಟುಕೊಳ್ಳಿ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.