ಹಕ್ಕಿಗಳಿಗೆ ನೆಲೆಯಾಗುವ ನಾಡಮರಗಳನ್ನು ಬೆಳೆಸುವ ವಿಷಯ



ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಸಮೀಪವಾಗಿ ಕೊಕ್ಕರೆ ಬೆಳ್ಳೂರೆಂಬ ಗ್ರಾಮವಿರುವುದು. ವರ್ಷಂಪ್ರತಿ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿಗೆ ಬಂದು, ಮನೆಗಳ ನಡುವಣ ಹುಣಸೆ, ಅರಳಿ ಮೊದಲಾದ ಮರಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುವುವು. ಊರಿನವರು ಅವುಗಳನ್ನು ಬಾಣಂತನಕ್ಕಾಗಿ ತವರಿಗೆ ಬಂದ ಹೆಣ್ಣುಮಕ್ಕಳಂತೆ ಭಾವಿಸುವರು. 1916ರಲ್ಲಿ ಪ್ಲೇಗಿನ ದೆಸೆಯಿಂದ ಜನರು ನದಿಯ ದಡದ ಹಳೆಯ ಊರನ್ನು ಬಿಟ್ಟು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದುವೆಂದು ಅಲ್ಲಿಯ ವೃದ್ಧರು ಹೇಳುತ್ತ ಬಂದಿರುವರು. 2007ರಲ್ಲಿ ಈ ಗ್ರಾಮವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲ್ಪಟ್ಟಿತು.

ಹಕ್ಕಿಗಳಿಂದ ರೈತನಿಗೆ ನಷ್ಟವೇ ಇಲ್ಲವೆಂದು ಹೇಳುವುದು ಸರಿಯಲ್ಲ. ಹುಣಸೆಯ ಕೊಯ್ಲಿನ ಕಾಲವೂ ಮರಿಗಳ ಕಾಲವೂ ಒಂದೇ ಆಗಿರುವುದರಿಂದ, ಗೂಡು ತುಂಬಿದ ಮರದ ಫಸಲು ಒಡೆಯನ ಕೈಗೆ ಬಾರದು. ನಾತವೂ ಉಂಟು. ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯವರು ಪರಿಹಾರ ಕೊಡುವ ಏರ್ಪಾಡು ಮಾಡಿದರಾದರೂ, ಅದು ಹಣ್ಣಿನ ಬೆಲೆಗೆ ಸಮನಾಗದೆಂಬ ದೂರು ಉಂಟು, ದೂರು ನ್ಯಾಯವಾದುದೇ. ಇನ್ನೊಂದು ಕಡೆ, ಅಲ್ಲಿಯ ರೈತರು ಮರದ ಬುಡದಲ್ಲಿ ಗುಂಡಿ ತೆಗೆದು, ಕೆರೆಯ ಗೋಡನ್ನು ತುಂಬಿ, ಮೇಲಿನಿಂದ ಬೀಳುವ ಹಿಕ್ಕೆಯನ್ನು ಅದರಲ್ಲಿ ಹಿಡಿದು ಜಮೀನಿಗೆ ಹಾಕುವರು. ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಇರುವುದರಿಂದ ಇದು ಉತ್ತಮವಾದ ಗೊಬ್ಬರ.

ಈಗ ಕೊರತೆಯಾಗುತ್ತಿರುವುದು ಮರಗಳೇ. ಹೆಜ್ಜಾರ್ಲೆಯೊಂದು 4ರಿಂದ 6 ಕಿಲೋಗ್ರಾಂ ತೂಗುವುದು. ಇಂತಹ ಹಕ್ಕಿಗಳು ಜೋಡಿಜೋಡಿಯಾಗಿ ಒಂದೇ ಮರದಲ್ಲಿ ಒತ್ತಾಗಿ ಕೂರುವುವು. ಆ ಭಾರವನ್ನು ಹೊರುವಷ್ಟು ಹರಡಿದ ಹುಣಸೆಯ ಮರವಾಗುವುದಕ್ಕೆ ಒಂದು ತಲೆಮಾರು ಬೇಕು, ಕಡಿಯುವುದಕ್ಕೆ ಒಂದು ಹಗಲು ಸಾಕು. ಹಳೆಯ ಮರ ಬಿದ್ದ ಮೇಲೆ ಸಸಿ ನೆಟ್ಟರೆ ನಡುವಣ ವರ್ಷಗಳಲ್ಲಿ ಹಕ್ಕಿಗೆ ನೆಲೆಯಿಲ್ಲ. ಆದಕಾರಣ ಹಳೆಯ ಮರ ನಿಂತಿರುವಾಗಲೇ ಅದರ ಸಮೀಪದಲ್ಲಿ ಎಳೆಯ ಮರವನ್ನು ಎಬ್ಬಿಸತಕ್ಕದ್ದು.

ಇದಕ್ಕೆ ಆಲ, ಗೋಣಿ, ಬಸರಿ ಇವು ಬಹಳ ಅನುಕೂಲವಾದುವು. ತೋಳಿನ ಗಾತ್ರದ, ಆಳೆತ್ತರಕ್ಕೂ ಮಿಗಿಲಾದ ಕೊಂಬೆಯನ್ನು ಮುಂಗಾರಿಗೆ ಮುಂಚೆ ನೆಟ್ಟು, ಮೇಲಿನ ಕಡಿತಕ್ಕೆ ಸಗಣಿಯನ್ನು ಮೆತ್ತಿದರೆ ತಲೆಯಲ್ಲಿ ಚಿಗುರೊಡೆಯುವುದು. ಆ ಚಿಗುರು ಮೇಕೆಯ ಬಾಯಿಗೆ ಎಟುಕದು. ಈ ಜಾತಿಯ ಮರಗಳೆಲ್ಲ ಒಂದೇ ಸಲ ಹಣ್ಣು ಬಿಡುವುದಿಲ್ಲ. ಅವುಗಳ ಕಾಯೊಳಗಿನ ಹೂವಿಗೆ ಪರಾಗವನ್ನು ತರುವ ಸಣ್ಣ ಕಣಜಗಳು ಕೆಲವೇ ದಿನ ಬದುಕತಕ್ಕವು; ಒಂದು ಮರದ ಕಾಯಿ ಮುಗಿಯುವ ವೇಳೆಗೆ ಇನ್ನೊಂದು ಮರದಲ್ಲಿ ಕಾಯಿ ಇದ್ದರೆ ಮಾತ್ರ ಅವುಗಳ ಸಂತತಿ ಉಳಿಯುವುದು. ಹೀಗಿರುವುದರಿಂದಲೇ ಬೇರೆ ಹಣ್ಣು ಸಿಕ್ಕದ ಕಾಲದಲ್ಲಿಯೂ ಕೋಗಿಲೆ, ಪಿಕಳಾರ, ಕುಟ್ರುಹಕ್ಕಿಗಳಿಗೆ ಆಹಾರ ದೊರೆಯುವುದು.

ಹುಣಸೆಯ ನೆರಳಿನಲ್ಲಿ ರಾಗಿ ಏಳದು; ಅದನ್ನು ಗುಂಡುತೋಪಿನಲ್ಲಿಯೇ ಹಾಕಿಸುವುದು ಲೇಸು. ಹೊಲದ ಬದುವಿಗೆ ಹೊಂಗೆ, ಬೇವು ಸಾಕು. ಹೊಂಗೆಯ ಸೊಪ್ಪು ಗದ್ದೆಗೂ ಒದಗುವುದು. ಕೆರೆಯಂಗಳದಲ್ಲಿ ನೀರು ನಿಂತರೂ ತಾಳುವ ಕರಿಜಾಲಿಯನ್ನು ಎಬ್ಬಿಸಬಹುದು. ಕೆರೆಯ ಏರಿಯ ಮೇಲೆ ಮಾತ್ರ ಯಾವ ಮರವನ್ನೂ ನೆಡಕೂಡದು. ಬೇರು ಸತ್ತು ಟೊಳ್ಳಾದ ದಾರಿಯಲ್ಲಿ ನೀರು ಜಿನುಗುವುದು. ನೀಲಗಿರಿಯು ಬೇಗ ಬೆಳೆಯುವುದು ನಿಜ; ಆದರೆ ನೆಟ್ಟಗೆ ಏರುವ ಆ ಆಸ್ಟ್ರೇಲಿಯದ ಮರದಲ್ಲಿ ಇಂತಹ ಗೂಡುಗಳು ನಿಲ್ಲುವಂತಹ ಹರವಾದ ಕೊಂಬೆಗಳಿಲ್ಲ. ಬಳ್ಳಾರಿ ಜಾಲಿಯೂ ಹೆಸರಿಗೆ ಮಾತ್ರ ಬಳ್ಳಾರಿಯದು. ಅದು ಅಮೆರಿಕ ಖಂಡದಿಂದ ಬಂದು ಗೋಮಾಳಗಳನ್ನು ಆವರಿಸಿಕೊಂಡಿತು.

ಮರವೊಂದರಿಂದಲೇ ಕೊಕ್ಕರೆ ಬರುವುದೆಂದು ಯಾರೂ ನಂಬಬಾರದು. ಹಾರಿಹೋಗಿ ಬರುವಷ್ಟು ದೂರದಲ್ಲಿ ಮೀನುಳ್ಳ ಕೆರೆ ಹೊಳೆಗಳಿರಬೇಕು. ಕೆರೆಯಂಗಳವನ್ನು ಒತ್ತುವರಿ ಮಾಡಿ ದಡದಲ್ಲಿ ಸಸಿ ನೆಡುವುದು ವ್ಯರ್ಥ. ಕೊಕ್ಕರೆ ಬಾರದ ಊರುಗಳಲ್ಲಿಯೂ ಕಾಜಾಣವು ಬದುವಿನ ಮರದಲ್ಲಿ ಕುಳಿತು ಹುಳುಗಳನ್ನು ಹಿಡಿಯುವುದು. ಅಪಶಕುನವೆಂದು ಅಟ್ಟಲ್ಪಡುವ ಗೂಬೆಯು ಪೊಟರೆಯಲ್ಲಿದ್ದು ರಾತ್ರಿ ಇಲಿಗಳನ್ನು ತಿನ್ನುವುದು.

ಗುಂಡುತೋಪಿನಲ್ಲಿ ನೆಡುವುದಕ್ಕೆ ಮೊದಲು ಗ್ರಾಮದ ಮುಖ್ಯಸ್ಥರು ಸಭೆ ಸೇರಿಸಿ, ಮೂರು ಬೇಸಗೆಗಳ ಕಾಲ ನೀರು ಹೊರುವವರಾರು, ಮುಂದೆ ಹಣ್ಣು ಯಾರಿಗೆ, ಗೊಬ್ಬರ ಯಾರಿಗೆ ಎಂಬುದನ್ನು ಬರೆಯಿಸಿಡತಕ್ಕದ್ದು. ಗುಂಡಿಗಳನ್ನು ಬೇಸಗೆಯಲ್ಲಿಯೇ ತೆಗೆಯಿಸಿ ಬಿಸಿಲಿಗೆ ಬಿಟ್ಟಿರಬೇಕು. ಮೊದಲನೆಯ ಹದಮಳೆ ಬಿದ್ದ ಕೂಡಲೇ ಹುಣಸೆಯ ಸಸಿಗಳನ್ನು ನೆಟ್ಟು, ಮುಳ್ಳು ಕಟ್ಟಿಸಬೇಕು.