ಆಕಾಶದ ಅಂಚೆ ಮೊದಲು ಯಾರ ಮನೆಗೆ?

(ಹೈದರಾಬಾದಿನ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಲ್ಲಿಂದ ಬೀದರಿಗೋ ಕಲಬುರಗಿಗೋ ರೈಲು ಹತ್ತುವ ನಮಗೆಲ್ಲ ವಿಕಾರಾಬಾದ್ ಜಂಕ್ಷನ್ ಪರಿಚಿತವೇ. 2021ರ ಸೆಪ್ಟೆಂಬರ್‌ನಲ್ಲಿ ಅದೇ ವಿಕಾರಾಬಾದಿನಲ್ಲಿ ಔಷಧಿ, ಲಸಿಕೆಗಳನ್ನು ಡ್ರೋನ್ ಮೂಲಕ ಸಾಗಿಸುವ ತೆಲಂಗಾಣದ ಪ್ರಯೋಗ ಆರಂಭವಾಯಿತು. ಮರುತಿಂಗಳೇ ಮಣಿಪುರದ ಬಿಷ್ಣುಪುರ ಜಿಲ್ಲಾಸ್ಪತ್ರೆಯಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಹಾರಿಹೋಯಿತು. ನೆಲದ ಮೇಲೆ 26 ಕಿ.ಮೀ. ಹಾದಿ, ಆಕಾಶದಲ್ಲಿ 15. ಹಿಡಿದದ್ದು ಕಾಲು ಗಂಟೆ.

ಇದಕ್ಕೂ ಮೊದಲು, 2016ರಲ್ಲಿ, ಆಫ್ರಿಕಾದ ರುವಾಂಡಾದಲ್ಲಿ ಜಿಪ್‌ಲೈನ್ ಸಂಸ್ಥೆ ಆಸ್ಪತ್ರೆಗಳಿಗೆ ರಕ್ತ ಕಳುಹಿಸತೊಡಗಿತ್ತು. ರಕ್ತ ಬಹುಕಾಲ ಕೆಡದೆ ಉಳಿಯುವ ವಸ್ತುವಲ್ಲ. ಒಂದೆಡೆ ಸಂಗ್ರಹಿಸಿಟ್ಟು ಬೇಕಾದಾಗ ಬೇಕಾದಲ್ಲಿಗೆ ಕಳುಹಿಸಿದರೆ ಪ್ರತಿ ಆಸ್ಪತ್ರೆಯೂ ದಾಸ್ತಾನು ಮಾಡಿ ಕೆಡಿಸಬೇಕಿಲ್ಲ. ಅಲ್ಲಿ ರಕ್ತ ವ್ಯರ್ಥವಾಗುವುದು ಗಣನೀಯವಾಗಿ ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇದು ನಾಣ್ಯದ ಒಂದು ಮುಖ. ಅದೇ 2022ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ಬಳಿ ಊಟ ಹೊತ್ತ ಡ್ರೋನೊಂದು ವಿದ್ಯುತ್ ತಂತಿಯ ಮೇಲೆ ಇಳಿದು, ಸುಮಾರು 2,000 ಮನೆಗಳು ಕತ್ತಲಾದವು. ಕ್ಯಾನ್‌ಬೆರಾದ ಬೋನಿಥನ್ ಬಡಾವಣೆಯ ಜನ ತಲೆಯ ಮೇಲಿನ ಸದ್ದು ಸಹಿಸಲಾರದೆ ಪ್ರತಿಭಟಿಸಿದ್ದರು. ಇನ್ನು ನಮ್ಮ ನಗರವನ್ನೇ ನೋಡಿ: ಗಲ್ಲಿಗೊಂದು ತಂತಿಯ ಜಾಲ, ಸಂಕ್ರಾಂತಿ ಬಂತೆಂದರೆ ಆಕಾಶದ ತುಂಬ ಗಾಳಿಪಟದ ಮಾಂಜಾ. ಬಿಸಿಲುಗಾಲದ ರಾತ್ರಿ ಮಾಳಿಗೆಯ ಮೇಲೆ ಮಲಗುವವರ ತಲೆಯ ಮೇಲೆ ಕ್ಯಾಮೆರಾ ಹೊತ್ತ ಯಂತ್ರ ಹಾದುಹೋಗುವುದನ್ನು ಯಾರು ಒಪ್ಪಿದ್ದಾರೆ? ಇಂದು ಬೈಕಿನ ಮೇಲೆ ಪೊಟ್ಟಣ ಹೊತ್ತು ಬರುವ ತರುಣರಲ್ಲಿ ಅನೇಕರು ನಮ್ಮಂತೆಯೇ ಊರು ಬಿಟ್ಟು ಬಂದವರು. ಅವರ ಅನ್ನದ ಮಾತನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಆದ್ದರಿಂದ ಪ್ರಶ್ನೆ ಡ್ರೋನ್ ಬೇಕೋ ಬೇಡವೋ ಎಂಬುದಲ್ಲ. ಯಾರಿಗೆ ಮೊದಲು ಎಂಬುದು. ವೃದ್ಧ ತಂದೆತಾಯಿಯರನ್ನು ಊರಿನಲ್ಲಿ ಬಿಟ್ಟು ಬಂದವರು ನಮ್ಮಲ್ಲಿ ಬಹಳ ಮಂದಿ. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿದಾಗ ಅವರಿಗೆ ಇನ್ಸುಲಿನ್ ಮುಟ್ಟಿಸುವ ಯಂತ್ರ ಬರಲಿ, ಎರಡು ಕೈಯಿಂದ ಸ್ವಾಗತಿಸೋಣ. ಆದರೆ ಕೂಗಳತೆಯಲ್ಲಿ ಕಿರಾಣಿ ಅಂಗಡಿ ಇರುವ ಬಡಾವಣೆಯ ಬಾಲ್ಕನಿಗೆ ಐಸ್‌ಕ್ರೀಮ್ ಇಳಿಸಲು ಇಡೀ ಓಣಿಯ ನೆಮ್ಮದಿಯನ್ನು ಒತ್ತೆಯಿಡುವುದು ಪ್ರಗತಿಯಲ್ಲ.

ಭಾರತದ 2021ರ ಡ್ರೋನ್ ನಿಯಮಗಳು, ಅತಿ ಹಗುರವಾದವುಗಳನ್ನು ಬಿಟ್ಟು, ಮೂರನೆಯವರಿಗಾಗುವ ಹಾನಿಗೆ ವಿಮೆಯನ್ನು ಕಡ್ಡಾಯಗೊಳಿಸಿದವು. ಅದು ಒಳ್ಳೆಯ ಆರಂಭ. ಆದರೆ ವಿಮೆಯ ಹಣ ಕೈಗೆ ಬರುವುದು ಹಾನಿಯಾದ ಮೇಲೆ. ಕೆಳಗೆ ಬದುಕುವವರ ಒಪ್ಪಿಗೆ ಕೇಳಬೇಕಾದುದು ಅದಕ್ಕೂ ಮೊದಲು. ರಸ್ತೆ ಮುಗಿಯುವಲ್ಲಿಂದ ಡ್ರೋನಿನ ದಾರಿ ಆರಂಭವಾಗಲಿ ಎಂಬ ಈ ಮಾತನ್ನು ನಮ್ಮ ಸಂಘವು ಉಭಯ ರಾಜ್ಯಗಳ ಸರ್ಕಾರಗಳಿಗೂ ಬರೆದು ತಿಳಿಸಬೇಕೆಂದು ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.