ಇಡ್ಲಿ ಬೇಯಿಸುವ ವಿಡಿಯೋ ಗೇಮ್!



ವಿಡಿಯೋ ಗೇಮ್ ಎಂದೊಡನೆ ನಿಮ್ಮ ಕಣ್ಣೆದುರು ಬರುವುದೇನು? ಬಂದೂಕು, ಕಾರು, ಕೋಟಿ ಕೋಟಿ ಸುರಿಯುವ ಕಂಪನಿಗಳು! ಅವನ್ನೂ ಆಡಿ, ಬೇಡವೆನ್ನುವುದಿಲ್ಲ. ನನಗೆ ಹುಚ್ಚು ಹಿಡಿಸಿರುವುದು ಸಣ್ಣ ತಂಡಗಳು ಸ್ವತಂತ್ರವಾಗಿ ಕಟ್ಟಿದ ಆಟಗಳು. ಇಂದು ಒಂದರ ಮಾತಷ್ಟೇ ಹೇಳುತ್ತೇನೆ. ಹೆಸರು 'ವೆಣ್ಬಾ'. ಕೆನಡಾದ ಟೊರಾಂಟೊ ನಗರದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ 2023ರಲ್ಲಿ ಹೊರತಂದದ್ದು.

1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಹೆಣ್ಣುಮಗಳ ಕಥೆಯಿದು. ಆಕೆಯ ತಾಯಿಯ ಅಡುಗೆ ಪುಸ್ತಕ ಹರಿದು, ಅಕ್ಷರ ಮಾಸಿದೆ. ಮಾಸಿದ್ದನ್ನು ಊಹಿಸಿ ಅಡುಗೆ ಮಾಡುವುದೇ ಆಟ! ಮೊದಲ ಅಡುಗೆ ಇಡ್ಲಿ. ಹಬೆಯಾಡುವಂತೆ ತಟ್ಟೆಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ನಮ್ಮ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕೇ!

ಇಷ್ಟೇ ಆಗಿದ್ದರೆ ಅದಕ್ಕಾಗಿ ನಿಮ್ಮ ಮುಂದೆ ನಿಲ್ಲುತ್ತಿರಲಿಲ್ಲ. ಆಕೆಗೊಬ್ಬ ಮಗ, ಕವಿನ್. ಅಮ್ಮ ತಮಿಳಿನಲ್ಲಿ ಕೇಳಿದರೆ ಅವನ ಉತ್ತರ ಇಂಗ್ಲಿಷಿನಲ್ಲಿ. ನಮ್ಮ ಬಡಾವಣೆಗಳಲ್ಲೂ ಇದನ್ನು ನೀವು ಕಂಡಿಲ್ಲವೇ? ಮುಂದೆ ದೊಡ್ಡವನಾದ ಮಗ ಒಬ್ಬನೇ ನಿಂತು ಅದೇ ಪುಸ್ತಕ ಬಿಡಿಸುತ್ತಾನೆ. ತಮಿಳು ಅವನಿಗೆ ಅರ್ಧಂಬರ್ಧ. ಅವನ ಜೊತೆ, ಆಡುವ ನಾವೂ ತಡವರಿಸುತ್ತೇವೆ! ತಾಯಿಯ ಭಾಷೆಯ ಒಂದು ಪುಟ ಓದಲಾಗದ ಸಂಕಟವನ್ನು, ಯಾವ ಭಾಷಣವೂ ಇಲ್ಲದೆ, ನಮ್ಮ ಬೆರಳ ತುದಿಗೇ ತಂದಿಟ್ಟಿದ್ದಾರೆ.

ಎರಡು ಗಂಟೆಯೊಳಗೆ ಮುಗಿದುಹೋಗುತ್ತದೆ. ಕೊಟ್ಟ ಕಾಸಿಗೆ ಚಿಕ್ಕದಾಯಿತು ಎನ್ನುವವರು ಎನ್ನಲಿ! 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು.

ಆಡುವಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಡ್ಲಿ ತಟ್ಟೆಯಲ್ಲಿ ನೀವು ಎಡವಿದರೆ ಅವರೇ ತಿದ್ದುತ್ತಾರೆ.